ಐದನೇ ಸ್ಟ್ಯಾಕಿನ ತಳ

ಕಬ್ಬಿಣದ ತಗಡಿನ ಮೇಲೆ ಸಲಿಕೆ ಜಾರುವ ಸದ್ದು. ಮೊದಲು ‘ಖರ್ರ್’ ಎಂದು ಉದ್ದಕ್ಕೆ ಎಳೆಯುತ್ತದೆ, ಆಮೇಲೆ ಅದಿರು ಉರುಳಿ ‘ಧಪ್’ ಎನ್ನುತ್ತದೆ. ಮತ್ತೆ ಖರ್ರ್, ಮತ್ತೆ ಧಪ್. ಸಂಡೂರಿನ ಆಚೆ, ಗುಡ್ಡದ ಮೇಲಿದ್ದ ನಮ್ಮ ಗಣಿಯ ಲ್ಯಾಬೊರೇಟರಿಯ ಹಿಂದಿನ ಶೆಡ್ಡಿನಲ್ಲಿ ಬೆಳಿಗ್ಗೆ ಎಂಟಕ್ಕೆ ಶುರುವಾದರೆ ಮಧ್ಯಾಹ್ನದ ಬ್ಲಾಸ್ಟಿಂಗ್ ಸೈರನ್ ಕೂಗುವವರೆಗೂ ನನಗೆ ಅದೇ ಹಿನ್ನೆಲೆ ಸಂಗೀತ. ಕಿವಿ ಎಷ್ಟು ಪಳಗಿತ್ತೆಂದರೆ, ಒಳಗೆ ಬ್ಯೂರೆಟ್ ಮುಂದೆ ನಿಂತೇ ಹೊರಗೆ ಸಲಿಕೆ ಯಾರ ಕೈಯಲ್ಲಿದೆ ಎಂದು ಹೇಳುತ್ತಿದ್ದೆ. ಹೊಸಬರದು ತಡವರಿಸುತ್ತಿತ್ತು. ಶೆಡ್ಡಿನಲ್ಲಿ ಸ್ಯಾಂಪಲ್ ಮಾಡುತ್ತಿದ್ದ ಹುಲಿಗೆಮ್ಮನದು ಗಡಿಯಾರ ನಡೆದಂತೆ.

ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿ, ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮಾಡಿ, ಇಪ್ಪತ್ತೆರಡನೇ ವಯಸ್ಸಿಗೆ ಆ ಲ್ಯಾಬು ಸೇರಿದವಳು ನಾನು. ಈಗ ಹೊಸಪೇಟೆಯಲ್ಲಿ ಇದ್ದೇನೆ, ರಿಟೈರ್ ಆಗಿ ಬಹಳ ವರ್ಷಗಳಾದವು. ಇಷ್ಟು ಕಾಲ ಇದನ್ನೆಲ್ಲ ಬರೆಯುವ ಯೋಚನೆ ಇರಲಿಲ್ಲ. ಮೊನ್ನೆ ಕಾವ್ಯಾ ಎಂಬ ಹುಡುಗಿ ಮನೆಗೆ ಬಂದಿದ್ದಳು. ತೋರಣಗಲ್ಲಿನ ಕಡೆ ಒಂದು ಲ್ಯಾಬಿನಲ್ಲಿ ಕಾಂಟ್ರಾಕ್ಟ್ ಮೇಲೆ ಇದ್ದವಳು. ಒಂದು ದಿನ ಕಂಪನಿ ಬಸ್ಸು ಹತ್ತಿ ಹೋದರೆ ಗೇಟಿನಲ್ಲಿ ಪಂಚಿಂಗ್ ಕಾರ್ಡ್ ಕೆಲಸ ಮಾಡಲಿಲ್ಲವಂತೆ. ಹಾಗೆ ಗೊತ್ತಾಯಿತಂತೆ ತನ್ನನ್ನು ತೆಗೆದಿದ್ದಾರೆ ಎಂದು. ಈಗ ಇನ್ನೊಂದು ಕಂಪನಿಯ ಇಂಟರ್‌ವ್ಯೂ ಇದೆ.

“ಮೇಡಂ, ಅವರು ಹಳೇ ಕಂಪನಿಯ ಮೆಥಡ್ ಬಗ್ಗೆ ಕೇಳೇ ಕೇಳ್ತಾರ. ಎಲ್ಲಾ ಹೇಳಿಬಿಡ್ಲೇನ್ರಿ? ನನ್ನನ್ನ ತಗದು ಹಾಕಿದವ್ರಿಗೆ ನಾನ್ಯಾಕ ಲಾಯಲ್ ಆಗಿರಬೇಕು?” ಎಂದು ಕೇಳಿದಳು.

ನಾನು ಕಾಫಿ ಕೊಟ್ಟೆ. ನನಗೆ ಗೊತ್ತಿರುವುದು ಅದೇ ಪ್ರಶ್ನೆಯ ಮುಂದೆ ಒಮ್ಮೆ ನಿಂತಿದ್ದ ಹುಲಿಗೆಮ್ಮ, ಮತ್ತು ಅವಳ ಪಕ್ಕದಲ್ಲಿ ನಿಂತಿದ್ದ ನಾನು.

ಕಾವ್ಯಾಳಂಥವರಿಗೆ ಈಗ ಮಷೀನಿದೆ. ಪುಡಿಯನ್ನು ಬಿಲ್ಲೆ ಮಾಡಿ ಒಳಗಿಟ್ಟರೆ ಕೆಲವೇ ನಿಮಿಷಗಳಲ್ಲಿ ಸ್ಕ್ರೀನಿನ ಮೇಲೆ ಕಬ್ಬಿಣ ಎಷ್ಟು, ಸಿಲಿಕಾ ಎಷ್ಟು, ಎಲ್ಲ ಬರುತ್ತದೆ. ನಮ್ಮ ಕಾಲದಲ್ಲಿ ಅದಿರನ್ನು ಆ್ಯಸಿಡ್‌ನಲ್ಲಿ ಕರಗಿಸಿ, ಹನಿಹನಿಯಾಗಿ ಡೈಕ್ರೊಮೇಟ್ ಬಿಡುತ್ತಾ, ಹಸಿರು ದ್ರಾವಣ ಒಂದೇ ಹನಿಗೆ ನೇರಳೆಗೆ ತಿರುಗುವ ಗಳಿಗೆಗೆ ಉಸಿರು ಹಿಡಿದು ಕಾಯಬೇಕಿತ್ತು. ಆ ನೇರಳೆ ಬಣ್ಣ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ.

ಆದರೆ ಮಷೀನು ಬಂದರೂ ಬದಲಾಗದ ಕೆಲಸವೊಂದಿದೆ. ಬೆಟ್ಟದಷ್ಟು ಅದಿರಿನಿಂದ ಒಂದು ಹಿಡಿ ಆರಿಸುವುದು. ಅದಿರನ್ನು ತಗಡಿನ ಮೇಲೆ ಗೋಪುರದಂತೆ ಸುರಿದು, ತಟ್ಟಿ ಚಪ್ಪಟೆ ಮಾಡಿ, ಹಲಗೆಯಿಂದ ನಾಲ್ಕು ಪಾಲು ಮಾಡುತ್ತಾರೆ. ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದೆರಡನ್ನು ಎಸೆಯುತ್ತಾರೆ. ಇಟ್ಟುಕೊಂಡದ್ದನ್ನು ಮತ್ತೆ ಒಡೆದು, ಮತ್ತೆ ಸುರಿದು, ಮತ್ತೆ ನಾಲ್ಕು ಪಾಲು. ಕೊನೆಗೆ ಒಂದು ಸಣ್ಣ ಪೊಟ್ಟಣ ಉಳಿಯುತ್ತದೆ. ಆ ಪೊಟ್ಟಣ ಇಡೀ ಗುಡ್ಡದ ಪರವಾಗಿ ಮಾತಾಡಬೇಕು. ನಮ್ಮ ಚೀಫ್ ಕೆಮಿಸ್ಟ್ ಶೇಷಗಿರಿರಾಯರು ಹೇಳುತ್ತಿದ್ದರು: “ಸ್ಯಾಂಪಲ್ ತಪ್ಪಿದರೆ ನಿನ್ನ ಟೈಟ್ರೇಷನ್ ಎಷ್ಟೇ ಕರೆಕ್ಟ್ ಇರಲಿ, ಅದು ಬೇರೆ ಯಾವುದೋ ಗುಡ್ಡದ ರಿಸಲ್ಟು.”

ರಾಯರು ಮಹಾ ಸಿಡುಕರು. ಲ್ಯಾಬಿನ ಒಳಗಿದ್ದ ನಮಗೆ ಬೈಗುಳ ಮಾತ್ರ. ಶೆಡ್ಡಿನ ಹೆಂಗಸರಿಗೆ ಮಾತ್ರ ತಾವೇ ಕುಕ್ಕರಗಾಲಲ್ಲಿ ಕೂತು ಪಾಠ ಹೇಳುತ್ತಿದ್ದರು. ಗುಪ್ಪೆಯ ಮೇಲಿನದನ್ನು ಬಾಚಬೇಡಿ, ಚೆಂದದ ಕಲ್ಲು ಆರಿಸಬೇಡಿ, ಅಗೆದರೆ ನೆಲ ಸಿಗುವವರೆಗೂ ಅಗೆಯಿರಿ. ಬಂಡ್ರಿ ಎಂಬ ಊರಿನಿಂದ ಬರುತ್ತಿದ್ದ ಹುಲಿಗೆಮ್ಮ ಓದು ಬಾರದವಳು. ರಾಯರ ಪಾಠ ಅವಳಿಗೆ ಬಾಯಿಪಾಠವಾಗಿತ್ತು.

ಸೇರಿದ ಮೊದಲ ತಿಂಗಳ ನನ್ನ ಘನಂದಾರಿ ಕೆಲಸ ಹೇಳಿಬಿಡುತ್ತೇನೆ, ಹೊಸಬರಿಗೆ ಧೈರ್ಯ ಬರಲಿ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮ್ಮ ಉಗುರು, ಕಾಲರ್, ಶೂ ಎಲ್ಲ ದಿನಾ ಚೆಕ್ ಮಾಡುತ್ತಿದ್ದರು. ನೀಟ್‌ನೆಸ್ ನನಗೆ ಮೈಗೂಡಿತ್ತು. ಒಂದು ದಿನ ಶೆಡ್ಡಿಗೆ ಬಂದ ಅದಿರು ಮಣ್ಣು ಮೆತ್ತಿಕೊಂಡು ಅಸಹ್ಯವಾಗಿ ಕಂಡಿತು. ಪಾಲು ಮಾಡಿ ಇಟ್ಟುಕೊಂಡದ್ದನ್ನು ಒಡೆಯಲು ಕ್ರಷರಿಗೆ ಹಾಕುವ ಮೊದಲು ಬಕೆಟ್ಟಿನಲ್ಲಿ ನೀರು ತುಂಬಿ, ಇಡೀ ಸ್ಯಾಂಪಲನ್ನು ನಾನೇ ಚೆನ್ನಾಗಿ ತೊಳೆದೆ! ತೊಳೆದು ಬಿಸಿಲಿಗೆ ಹರಡಿ, ಹೆಮ್ಮೆಯಿಂದ ನಿಂತಿದ್ದಾಗ ಹುಲಿಗೆಮ್ಮ ಬಂದಳು.

“ಅಯ್ಯ ಅಮ್ಮಾರ! ಕೂಸಿಗೆ ಎರದಂಗ ಎರದು ಮಲಗಿಸೀರಲ್ರೀ! ಲೋಬಾನ ಹಾಕೋದೊಂದು ಉಳೀತು ನೋಡ್ರಿ.”

“ಯಾಕೆ, ಕೊಳೆ ಇತ್ತಲ್ಲ?”

“ಆ ಕೊಳೀನೂ ಲಾರಿಯಾಗ ಹೋಗ್ತೈತ್ರಿ. ಕೊಂಡಾವ ಅದನ್ನೂ ಕೊಳ್ತಾನ. ನೀವು ಬರೇ ಚೆಂದಾನ ತೂಗಿದ್ರ ಹೆಂಗ್ರಿ?”

ನನಗೆ ನೆಲ ಬಿರಿದ ಹಾಗಾಯಿತು. ಇಡೀ ದಿನದ ಸ್ಯಾಂಪಲ್ ಹಾಳು, ಲಾರಿಗಳು ಆಗಲೇ ಹೋಗಿವೆ. ರಾಯರು ನನ್ನನ್ನು ಮನೆಗೆ ಕಳಿಸುವುದು ಗ್ಯಾರಂಟಿ. ಹುಲಿಗೆಮ್ಮ ಶೆಡ್ಡಿನ ಮೂಲೆಯಿಂದ ಒಂದು ಗೋಣಿಚೀಲ ಎಳೆದು ತಂದಳು. ಎಸೆಯಬೇಕಾದ ಎರಡು ಪಾಲುಗಳನ್ನು ಅವಳು ಅಂದೇ ಎಸೆಯುತ್ತಿರಲಿಲ್ಲ, ಮಾರನೆಯ ದಿನದವರೆಗೆ ಇಟ್ಟುಕೊಳ್ಳುತ್ತಿದ್ದಳು. ಯಾರೂ ಹೇಳಿದ್ದಲ್ಲ, ಅವಳದೇ ಪದ್ಧತಿ. ಅದರಿಂದ ಹೊಸದಾಗಿ ಸ್ಯಾಂಪಲ್ ಮಾಡಿದೆವು. ರಾಯರಿಗೆ ಸಾಯುವವರೆಗೂ ಗೊತ್ತಾಗಲಿಲ್ಲ. ಅವಳು ಯಾರ ಮುಂದೆಯೂ ಬಾಯಿಬಿಡಲಿಲ್ಲ. ನನ್ನನ್ನು ಕಾಡಿಸಬೇಕೆನಿಸಿದಾಗ ಮಾತ್ರ, “ಅಮ್ಮಾರ, ಇವತ್ತು ಯಾರಿಗರ ಎರೀತೀರೇನ್ರಿ?” ಎನ್ನುತ್ತಿದ್ದಳು.

ಹೀಗೆ ಮೂವತ್ತು ಚಿಲ್ಲರೆ ವರ್ಷ. ಬಡ್ತಿ, ಇನ್‌ಕ್ರಿಮೆಂಟುಗಳನ್ನು ಬಿಟ್ಟುಬಿಡುತ್ತೇನೆ. ಅವುಗಳಲ್ಲಿ ಕಥೆಯಿಲ್ಲ. ಒಂದನ್ನು ಬಿಟ್ಟು. ಅದಕ್ಕೆ ಆಮೇಲೆ ಬರುತ್ತೇನೆ.

ಕೋರ್ಟಿನ ಆದೇಶದಿಂದ ಗಣಿಗಳೆಲ್ಲ ನಿಂತ ಕಾಲ ಈ ಕಡೆಯವರಿಗೆ ನೆನಪಿರುತ್ತದೆ. ಅದಿರಿನ ಧೂಳಿಗೆ ಕೆಂಪಗಿದ್ದ ಮರಗಳು ಒಂದೇ ಮಳೆಗಾಲದಲ್ಲಿ ಹಸಿರಾದವು. ಜನ ಅದನ್ನು ನೋಡಿ ಖುಷಿಪಡಬೇಕೋ ಅಳಬೇಕೋ ತಿಳಿಯದೆ ಸುಮ್ಮನೆ ನೋಡಿದರು. ನಮ್ಮ ಮೈನ್ಸ್ ಮ್ಯಾನೇಜರ್ ಗೌಡರು ಎಲ್ಲರನ್ನೂ ಕ್ಯಾಂಟೀನಿಗೆ ಕರೆದು ಮಾತಾಡಿದರು. “ಇದು ಟೆಂಪರರಿ. ನಾವೆಲ್ಲ ಒಂದು ಫ್ಯಾಮಿಲಿ. ಮತ್ತ ಶುರುವಾದಾಗ ಹಳಬರ್ನ ಬಿಟ್ಟು ಒಬ್ಬರ್ನೂ ತಗೊಳ್ಳಂಗಿಲ್ಲ, ನನ್ನ ಮಾತು.” ಹಿಂದಿನಿಂದ ಯಾರೋ, “ಫ್ಯಾಮಿಲಿ ಅಂದ್ರ ಊಟಕ್ಕ ಎಲ್ಲಿ ಬರ್ಬೇಕ್ರಿ ಸಾಹೇಬ್ರ, ನಿಮ್ಮ ಮನೀಗೇನು?” ಎಂದರು. ನಕ್ಕೆವು. ಗೌಡರೂ ನಕ್ಕರು.

ಬೇರೆಯವರ ಹಾಗೆ ನಾನೂ ಮನೆಯಲ್ಲಿ ಕೂತೆ. ಕೆಲವು ತಿಂಗಳ ಮೇಲೆ ಹೊಸಪೇಟೆಯ ಒಂದು ಖಾಸಗಿ ಟೆಸ್ಟಿಂಗ್ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಯಾರು ಬೇಕಾದರೂ ಅದಿರು ತಂದು ಪರೀಕ್ಷೆ ಮಾಡಿಸಬಹುದಾದ ಜಾಗ. ಆಗ ಗಣಿಗಳಲ್ಲಿ ಹಾಗೇ ಬಿದ್ದಿದ್ದ ಹಳೇ ಗುಪ್ಪೆಗಳನ್ನು ಹರಾಜಿನಲ್ಲಿ ಮಾರುತ್ತಿದ್ದರು. ಗುಪ್ಪೆಗಳಿಗೆ ನಾವು ಸ್ಟ್ಯಾಕ್ ಎನ್ನುತ್ತಿದ್ದೆವು. ಕೊಳ್ಳುವವರು ಮೊದಲು ಬಂದು ಸ್ಯಾಂಪಲ್ ತೆಗೆಸಿ ನೋಡುತ್ತಿದ್ದರು. ಹೀಗೆ ಒಂದು ಚಿಕ್ಕ ಸ್ಪಾಂಜ್ ಐರನ್ ಕಾರ್ಖಾನೆಯ ಏಜೆಂಟ್ ಶ್ರೀನಿವಾಸುಲು ಎಂಬವರು ನಮ್ಮ ಲ್ಯಾಬಿಗೆ ಬಂದರು. ಅವರಿಗೆ ಬೇಕಾಗಿದ್ದದ್ದು ನಮ್ಮ ಹಳೇ ಗಣಿಯ ಐದನೇ ಸ್ಟ್ಯಾಕು. ಸ್ಯಾಂಪಲ್ ಕೆಲಸ ನನಗೇ ಬಂತು.

“ಅಮ್ಮಾ, ನೀವು ಅಲ್ಲೇ ಇದ್ರಂತಲ್ಲಾ. ಒಳಗಡೆ ಮಾಲು ಹೆಂಗದೆ, ಸ್ವಲ್ಪ ಚೆಪ್ಪಂಡಿ,” ಎಂದು ಅರ್ಧ ತೆಲುಗಿನಲ್ಲಿ ಕೇಳಿದರು.

ನನಗೆ ನಿಜಕ್ಕೂ ಪೂರ್ತಿ ಗೊತ್ತಿರಲಿಲ್ಲ. ಒಂದು ಜೋರು ಮಳೆಗಾಲದಲ್ಲಿ ಯಾರ್ಡ್ ಕೆಸರಾಗಿ ಲಾರಿಗಳು ಹೂತಾಗ, ಎಲ್ಲೋ ಒಂದು ಕಡೆ ಕೆಲಸಕ್ಕೆ ಬಾರದ ಹಳದಿ ಮಣ್ಣು ಹಾಸಿ ನೆಲ ಗಟ್ಟಿ ಮಾಡಿ, ಅದರ ಮೇಲೆ ಅದಿರು ಸುರಿದಿದ್ದರು. ಮೋಸದ ಕೆಲಸ ಅಲ್ಲ, ಅವಸರದ ಕೆಲಸ. ಆಮೇಲೆ ಮರೆತರು. ಯಾವ ಸ್ಟ್ಯಾಕು, ಎಷ್ಟು ದಪ್ಪ ಎಂಬುದು ಅಲ್ಲಿ ದಿನವೆಲ್ಲ ನಿಂತಿದ್ದವರಿಗಷ್ಟೇ ಗೊತ್ತು. ನಾನು ಹುಲಿಗೆಮ್ಮನ ಹೆಸರು ಹೇಳಿದೆ. “ಆಕೆ ಹೇಳಿದರೆ ತೋರಣಗಲ್ಲಿನಲ್ಲಿ ನಮ್ಮೋರ ಕಡೆ ಸ್ಯಾಂಪ್ಲಿಂಗ್ ಕೆಲಸಕ್ಕೆ ಹಾಕಿಸ್ತೀನಮ್ಮಾ. ಪ್ರಾಮಿಸ್,” ಎಂದರು ಶ್ರೀನಿವಾಸುಲು.

ಬಂಡ್ರಿಗೆ ಹೋದೆ. ಹುಲಿಗೆಮ್ಮ ಆಗ ಕೂಲಿ ಸಿಕ್ಕ ದಿನ ಹೊಲಕ್ಕೆ, ಸಿಗದ ದಿನ ಮನೆಯಲ್ಲಿ. ಗಂಡ ಮೊದಲೇ ತೀರಿಕೊಂಡಿದ್ದ, ಮಗಳು ಕೂಸಿನೊಂದಿಗೆ ತವರಲ್ಲೇ ಇದ್ದಳು. ಹುಲಿಗೆಮ್ಮನಿಗೆ ಕೆಲಸ ಬೇಕೇ ಬೇಕಿತ್ತು. ಸ್ಟೀಲ್ ಚೊಂಬಿನಲ್ಲಿ ನೀರು ಕೊಟ್ಟಳು. ಚೊಂಬಿನ ಮೇಲೆ ಕಂಪನಿಯ ಹೆಸರು ಕೊರೆದಿತ್ತು. ಆಯುಧಪೂಜೆಗೆ ವರ್ಷಕ್ಕೊಂದು ಪಾತ್ರೆ ಕೊಡುತ್ತಿದ್ದರಲ್ಲ, ಅವಳ ಅಡಿಗೆಮನೆಯ ಹಲಗೆ ತುಂಬ ಅದೇ ಹೆಸರು, ಲೋಟದಿಂದ ಕೊಡದವರೆಗೆ ಸಾಲಾಗಿ.

ವಿಷಯ ಹೇಳಿದೆ.

“ನಿನ್ನೆ ಗೌಡ್ರೂ ಜೀಪ್ ತಗೊಂಡು ಬಂದಿದ್ರಿ,” ಎಂದಳು. “‘ಯಾರಾರ ಬಂದು ಕೇಳಿದ್ರ ಬಾಯಿ ಭದ್ರ ಇಟ್ಕೊ. ಗಣಿ ತೆರದ ದಿನ ಪಟ್ಟಿಯಾಗ ನಿಂದ ಮೊದಲ ಹೆಸರು’ ಅಂದ್ರು. ಈಗ ನೀವು ಬಂದ್ರಿ. ನಾನೇನು ಅಷ್ಟು ದೊಡ್ಡಾಕಿ ಆಗೀನೇನ್ರಿ, ದಿನಾ ಒಬ್ಬೊಬ್ರು ಬರಾಕ?”

“ನೋಡು ಹುಲಿಗೆಮ್ಮ, ಅವರೇ ನಿನ್ನನ್ನು ಬಿಟ್ಟರು. ರಿಟ್ರೆಂಚ್‌ಮೆಂಟ್ ಆದ ಮೇಲೆ ಲೀಗಲಿ ನಿನಗೂ ಅವರಿಗೂ ಏನೂ ಸಂಬಂಧ ಇಲ್ಲ. ಯು ಆರ್ ಫ್ರೀ.”

“ಫ್ರೀ ಅಂದ್ರ?”

“ಅವರ ಹಂಗು ನಿನಗಿಲ್ಲ.”

“ಅವ್ರು ಬಿಟ್ರು, ಖರೇ. ಆದ್ರ ನಾವು ಬಿಟ್ಟೇವೇನ್ರಿ?” ಅವಳು ವಾದ ಮಾಡುತ್ತಿರಲಿಲ್ಲ, ನಿಜವಾಗಿ ಕೇಳುತ್ತಿದ್ದಳು. “ನನಗ ತಿಳಿವಲ್ದು ಅಮ್ಮಾರ. ನಿಮ್ಮ ಕಿವಿಯಾಗ ಹೇಳಿದ್ರ ಅದು ಚಾಡಿ. ಹೇಳದಿದ್ರ, ಆ ಕೊಳ್ಳಾವ ಮಣ್ಣು ಕೊಂಡು ಹೋಗ್ತಾನ, ಅದು ಸುಳ್ಳು. ಎರಡೂ ನನ್ನ ಕೈಲಿ ಆಗಂಗಿಲ್ರಿ. ಸ್ಯಾಂಪಲ್ ತಗಿಯೋ ದಿನ ಕೂಲಿಗೆ ಕರೀರಿ. ಬರ್ತೀನಿ.”

ಅಷ್ಟೇ. ನನಗೆ ಅರ್ಥವಾಗಲಿಲ್ಲ. ಕೂಲಿ ಬೇಕಿರಬಹುದು ಎಂದುಕೊಂಡೆ.

ಆ ದಿನ ಬೆಳಿಗ್ಗೆ ಯಾರ್ಡಿನಲ್ಲಿ ನಾವು ನಾಲ್ವರು. ಮಾರುವವರ ಪರವಾಗಿ ಗೌಡರು, ಕೊಳ್ಳುವವರ ಪರವಾಗಿ ಶ್ರೀನಿವಾಸುಲು, ಲ್ಯಾಬಿನ ಪರವಾಗಿ ನಾನು, ಅಗೆಯಲು ಹುಲಿಗೆಮ್ಮ. ಐದನೇ ಸ್ಟ್ಯಾಕು ಮೇಲೆ ಚಪ್ಪಟೆಯಾಗಿ, ಆಳೆತ್ತರಕ್ಕಿಂತ ತುಸು ಹೆಚ್ಚಿತ್ತು. ಮೇಲಿನಿಂದ ಒಂದು ಮೀಟರ್ ಆಳದ ಗುಂಡಿ ತೋಡಿ ಸ್ಯಾಂಪಲ್ ತೆಗೆಯುವುದೆಂದು ಇಬ್ಬರೂ ಒಪ್ಪಿದ್ದರು. ಅಷ್ಟು ಆಳದಲ್ಲಿ ಒಳ್ಳೆಯ ಅದಿರೇ ಸಿಗುತ್ತದೆ. ಗೌಡರು ಕೊಡೆ ಹಿಡಿದು ನಗುನಗುತ್ತಾ ನಿಂತಿದ್ದರು.

ಹುಲಿಗೆಮ್ಮ ಸೆರಗು ಕಟ್ಟಿ ಅಗೆಯತೊಡಗಿದಳು. ವರ್ಷಗಟ್ಟಲೆ ಮಳೆ ಕುಡಿದು ಅದಿರು ಗಟ್ಟಿಯಾಗಿತ್ತು. ಮೊಣಕಾಲು ಮುಳುಗಿತು, ಸೊಂಟ ಮುಳುಗಿತು. ನಾನು ಟೇಪು ಇಳಿಸಿ, “ಸಾಕು, ಒಂದು ಮೀಟರ್ ಆಯಿತು,” ಎಂದೆ.

ಅವಳು ನಿಲ್ಲಿಸಲಿಲ್ಲ.

“ಏ ಹುಲಿಗೆಮ್ಮ, ಸಾಕಂತ, ಮ್ಯಾಲೆ ಬಾ,” ಎಂದರು ಗೌಡರು.

“ಇನ್ನಾ ನೆಲ ಬಂದಿಲ್ರಿ ಸಾಹೇಬ್ರ.”

“ನೆಲ ಬರೋದು ಬ್ಯಾಡವಾ. ಒಂದು ಮೀಟರ್ ಅಂತ ಮಾತಾಗೈತಿ.”

“ಮಾತು ನಿಮ್ಮದ್ರಿ. ನನಗ ರಾಯರು ಕಲಿಸಿದ್ದು ನೆಲ ಸಿಗೋತನ ಅಂತ. ನಿಮ್ಮ ಕಂಪನಿ ಕಲಿಸಿದ ಕೆಲಸಾನ ನಾನು ಮಾಡಾಕತ್ತೀನಿ. ಬ್ಯಾರೆ ಕಲ್ತಿಲ್ರಿ.” ಗುದ್ದಲಿ ಮತ್ತೆ ಬಿತ್ತು.

ಶ್ರೀನಿವಾಸುಲು ಗುಂಡಿಯ ಅಂಚಿಗೆ ಬಂದು ಬಗ್ಗಿದರು. ಗೌಡರು ನನ್ನ ಕಡೆ ತಿರುಗಿದರು. “ಮೇಡಂ, ನೀವರ ಹೇಳ್ರಿ. ನಿಮ್ಮ ಕಂಟ್ರೋಲಿನ್ಯಾಗ ಇಲ್ಲೇನು ಆಕಿ?”

ನಾನು ಒಂದು ಮಾತು ಹೇಳಿದ್ದರೆ ಅವಳು ನಿಲ್ಲುತ್ತಿದ್ದಳೋ ಏನೋ. ನಾನು ಹೇಳಲಿಲ್ಲ. ಧೈರ್ಯ ಎಂದುಕೊಳ್ಳಬೇಡಿ. ಏನಾಗುತ್ತದೆ ನೋಡೋಣ ಎಂಬ ಕುತೂಹಲ, ಅಷ್ಟೇ. ಅವಳ ತಲೆ ಮಾತ್ರ ಕಾಣುತ್ತಿದ್ದಾಗ ಬುಟ್ಟಿ ಮೇಲೆ ಬಂತು. ಅದರ ತುಂಬ ಹಳದಿ ಮಣ್ಣು.

“ಹಾ, ಈಗ ಬಂತ್ ನೋಡ್ರಿ ನೆಲ,” ಎಂದಳು ಒಳಗಿನಿಂದ.

ಅವಳಿಗೆ ಕೈ ಕೊಟ್ಟು ಮೇಲೆತ್ತಿದ್ದು ಶ್ರೀನಿವಾಸುಲು. ಮೇಲಿನದು, ನಡುವಿನದು, ತಳದ್ದು ಎಲ್ಲ ಸೇರಿಸಿ ಅವಳು ನಾಲ್ಕು ಪಾಲು ಮಾಡಿದಳು. ಗೌಡರು ಹತ್ತಿರ ಬಂದು, ಸಿಟ್ಟಿಲ್ಲದ ದನಿಯಲ್ಲಿ, “ಇಷ್ಟು ವರ್ಷ ಕಂಪನಿ ಅನ್ನ ತಿಂದಾಕಿ ನೀನು,” ಎಂದರು. “ದುಡಿದು ತಿಂದೀನ್ರಿ,” ಎಂದಳು ಅವಳು, ಅಷ್ಟೇ ಮೆತ್ತಗೆ.

ಆಮೇಲೆ ಕಾಗದದ ಕೆಲಸ. ಸ್ಯಾಂಪ್ಲಿಂಗ್ ಶೀಟಿನಲ್ಲಿ ಒಂದು ಕಾಲಂ ಇರುತ್ತದೆ: ‘ಸ್ಯಾಂಪಲ್ ತೆಗೆದವರು’. ಗೌಡರು ನನ್ನ ಭುಜದ ಹಿಂದೆ ನಿಂತು ಹೇಳಿದರು: “ಸರಿಯಾಗಿ ಬರೀರಿ ಮೇಡಂ. ಇದು ಹೆಡ್ ಆಫೀಸಿಗೆ ಹೋಗ್ತೈತಿ. ಗಣಿ ಶುರುವಾದ್ರ ಲ್ಯಾಬಿಗೆ ಚೀಫ್ ನೀವೇ ಅಂತ ನಾನು ಅಲ್ಲಿ ಹೇಳೀನಿ. ಒಂದು ಮೀಟರ್ ದಾಟಿ ಅಗಿಸಿದ್ದು ನೀವು ಅಂತ ಆಗಬಾರದು, ನೋಡ್ರಿ.”

ನಾನು ಪೆನ್ ತೆಗೆದು ಆ ಕಾಲಮ್ಮಿನಲ್ಲಿ ಬರೆದೆ: ಹುಲಿಗೆಮ್ಮ, ಬಂಡ್ರಿ.

ನಿಜವನ್ನೇ ಬರೆದೆ ಎಂದು ಸಮಾಧಾನ ಮಾಡಿಕೊಂಡೆ. ಅವಳಿಗೆ ಸಲ್ಲಬೇಕಾದ ಕ್ರೆಡಿಟ್ ಸಿಕ್ಕಿತು ಎಂದೂ ಅಂದುಕೊಂಡೆ. ಇಂಗ್ಲಿಷಿನಲ್ಲಿ ಯೋಚಿಸಿದರೆ ಇಂಥ ಸಮಾಧಾನಗಳು ಬೇಗ ಸಿಗುತ್ತವೆ, ಕಾನ್ವೆಂಟಿನಿಂದ ನನಗಾದ ಒಂದು ಲಾಭ.

ಶ್ರೀನಿವಾಸುಲು ಐದನೇ ಸ್ಟ್ಯಾಕು ಬಿಟ್ಟು ಬೇರೆಯದಕ್ಕೆ ಹೋದರು. ಅವರ ಕಂಪನಿ ನಷ್ಟದಿಂದ ಉಳಿಯಿತು, ಅವರಿಗೆ ಭೇಷ್ ಎಂದರಂತೆ. ಹುಲಿಗೆಮ್ಮನ ಕೆಲಸದ ಬಗ್ಗೆ ಫೋನ್ ಮಾಡಿದೆ. “ಅಮ್ಮಾ, ನಾನು ಕೇಳ್ದೆ. ನಮ್ಮ ಸಾರು ಏನಂದ್ರು ಗೊತ್ತಾ? ಹಳೇ ಕಂಪನಿಗೆ ಎದುರಿಗೇ ಹಿಂಗೆ ಮಾಡಿದೋಳು ನಾಳೆ ನಮಗೆ ಮಾಡಲ್ಲಾ ಅಂತ ಏನು ಗ್ಯಾರಂಟಿ ಅಂದ್ರು,” ಎಂದರು. ಕಿವಿಯಲ್ಲಿ ಹೇಳಿದ್ದರೆ ಕೆಲಸ ಕೊಡುತ್ತಿದ್ದರು ಎಂಬುದು ನನಗೆ ಆಗ ಹೊಳೆಯಿತು. ಚಾಡಿ ಹೇಳುವವರು ಬೇಕಿತ್ತು ಅವರಿಗೆ. ಎಲ್ಲರೆದುರು ಅಗೆಯುವವರು ಬೇಕಿರಲಿಲ್ಲ.

ಎರಡು ವರ್ಷದ ಮೇಲೆ ಗಣಿ ತೆರೆಯಿತು. ಗೇಟಿಗೆ ಹಳಬರ ಪಟ್ಟಿ ಅಂಟಿಸಿದ್ದರು. ಹುಲಿಗೆಮ್ಮನ ಹೆಸರಿರಲಿಲ್ಲ. ನನ್ನ ಹೆಸರಿತ್ತು. ಬಿಟ್ಟುಬಿಡುತ್ತೇನೆ ಎಂದಿದ್ದ ಬಡ್ತಿಗಳಲ್ಲಿ ಬಿಡಲಾಗದ ಒಂದು ಇದೇ. ಶೇಷಗಿರಿರಾಯರ ಕುರ್ಚಿಯಲ್ಲಿ ಚೀಫ್ ಕೆಮಿಸ್ಟ್ ಎಂದು ಮೂರು ವರ್ಷ ಕೂತೆ. ಹುಲಿಗೆಮ್ಮನನ್ನು ತೆಗೆದುಕೊಳ್ಳಿ ಎಂದು ಗೌಡರಿಗೆ ಒಮ್ಮೆ ಹೇಳಿದೆ. ಒಮ್ಮೆ ಮಾತ್ರ. ಅವರು ಕೇಳಿಸದವರಂತೆ ಚಹಾ ತರಿಸಿದರು, ನಾನು ಕುಡಿದೆ.

ರಿಟೈರಾದ ಮೇಲೆ ಒಂದು ಜನವರಿಯಲ್ಲಿ ಕಂಪ್ಲಿಯ ಕಡೆ ಒಂದು ಮದುವೆಗೆ ಹೋಗಿದ್ದೆ. ವಾಪಸು ಬರುವಾಗ ಮೆಟ್ರಿಯ ಹತ್ತಿರ ಕಾಲುವೆ ಪಕ್ಕದ ಗದ್ದೆಯಲ್ಲಿ ಹೆಂಗಸರು ಸಾಲಾಗಿ ಬಗ್ಗಿ ನಾಟಿ ಮಾಡುತ್ತಿದ್ದರು. ಒಬ್ಬಳ ಬೆನ್ನು ಬಗ್ಗುವ ರೀತಿ ನೋಡಿ ಆಟೊ ನಿಲ್ಲಿಸಿದೆ.

“ಯಾರ್ರೀ ಅದು... ಅಯ್ಯ, ನಮ್ಮ ಅಮ್ಮಾರು!” ಕೆಸರು ಕೈಯಲ್ಲೇ ಬದುವಿಗೆ ಬಂದಳು. “ತಲಿ ಪೂರಾ ಹತ್ತಿ ಹೊಲ ಆಗೈತಲ್ರಿ. ಆರಾಮದೀರೇನು?”

ಬಂಡ್ರಿಯ ಹೆಂಗಸರನ್ನು ಟೆಂಪೊದಲ್ಲಿ ತುಂಬಿಕೊಂಡು ನಾಟಿಯ ಕಾಲಕ್ಕೆ ಇಲ್ಲಿಗೆ ಕರೆತರುತ್ತಾರಂತೆ. ಮಗಳು ಸಂಡೂರಿನಲ್ಲಿ ಟೇಲರಿಂಗ್ ಮಾಡುತ್ತಾಳಂತೆ. ಅದೂ ಇದೂ ಮಾತಾಡಿದೆವು. ಆಟೊದವನು ಹಾರ್ನ್ ಮಾಡಿದ. ಇನ್ನು ತಡೆಯಲಾರದೆ ಹೇಳಿದೆ:

“ಹುಲಿಗೆಮ್ಮ, ಆ ದಿನ ಶೀಟಿನಲ್ಲಿ ನಿನ್ನ ಹೆಸರು ಬರೆದದ್ದು ನಾನು. ಅದರಿಂದಲೇ ನಿನ್ನನ್ನು ಕರೆಯಲಿಲ್ಲ.”

“ಗೊತ್ತೈತ್ರಿ. ಗೇಟಿಗೆ ಕೇಳಾಕ ಹೋದಾಗ ಗೌಡ್ರ ಓದಿ ತೋರಿಸಿದ್ರು.”

“ನಾನು ಬರೆಯಬಾರದಿತ್ತು.”

“ಯಾಕ್ರಿ? ತಗದಾಕಿ ನಾನ ಅಲ್ಲೇನು? ಮತ್ಯಾರ ಹೆಸರು ಬರೀತಿದ್ರಿ?” ಸೆರಗಿನಿಂದ ಮುಖದ ಕೆಸರು ಒರೆಸಿಕೊಂಡಳು. ಏನೋ ಹೊಳೆದವಳಂತೆ ನನ್ನ ಮುಖ ನೋಡಿದಳು. “ಒಂದು ಕೇಳ್ಲೇನ್ರಿ ಅಮ್ಮಾರ? ಅದರ ಮೊದಲಿನ ಅಷ್ಟೂ ವರ್ಷ ನಾನ ತಗೀತಿದ್ದೆನಲ್ರಿ ಸ್ಯಾಂಪಲ್ಲು. ಆ ಜಾಗದಾಗ ಯಾರ ಹೆಸರು ಬರೀತಿದ್ರಿ?”

ಅವಳ ದನಿಯಲ್ಲಿ ಆರೋಪ ಇರಲಿಲ್ಲ. ತಿಳಿದುಕೊಳ್ಳಬೇಕೆಂಬ ಆಸೆ ಮಾತ್ರ ಇತ್ತು.

“ನನ್ನದು,” ಎಂದೆ.

“ಹಂಗೇನ್ರಿ,” ಎಂದಳು.

ಗದ್ದೆಯಿಂದ ಯಾರೋ, “ಯವ್ವಾ ಹುಲಿಗೆಮ್ಮ, ನಿನ್ನ ಸಾಲು ಹಿಂದ ಬಿತ್ತು, ಬಾರಬೇ!” ಎಂದು ಕೂಗಿದರು. “ಬಂದೆ,” ಎಂದು ಓ ಕೊಟ್ಟು, ನನಗೆ “ಹುಷಾರಾಗಿ ಹೋಗ್ರಿ ಅಮ್ಮಾರ, ರಸ್ತಾ ಸರಿ ಇಲ್ಲ,” ಎಂದು ಹೇಳಿ, ಅವಳು ಬದು ಇಳಿದು ನೀರಿಗೆ ಕಾಲಿಟ್ಟಳು. ನಾನು ಅವಳನ್ನು ಕೊನೆಯ ಸಲ ನೋಡಿದ್ದು ಆಗಲೇ. ನೀರಲ್ಲಿ ಬಿದ್ದಿದ್ದ ಸಸಿಯ ಕಟ್ಟು ಎತ್ತಿ ಬಿಚ್ಚುತ್ತಾ ತನ್ನ ಸಾಲಿಗೆ ಹೋದಳು, ಹಿಂದೆ ತಿರುಗಲಿಲ್ಲ.